ಮೂರರಲ್ಲಿ ಒಂದು ಪಾಲು

ಸರ್... ಸರ್... ಸರ್ರ್.

ತೆಳ್ಳಗಿನ ಕಾಗದದ ಮೇಲೆ ಕೆಂಪು ಪೆನ್ಸಿಲ್ ಎಳೆಯುವ ಸದ್ದು ಅದು. ಶಹಾಬಾದಿನ ಕಾನ್ವೆಂಟಿನಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದೆ. ಹೊರಗೆ ಕಲ್ಲಿನ ಗಣಿಯಲ್ಲಿ ಉಳಿ ಸುತ್ತಿಗೆಗಳು ಇಡೀ ದಿನ ಟಣಗುಟ್ಟುತ್ತಿದ್ದವು. ಆದರೆ ಮಧ್ಯಾಹ್ನದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ನನ್ನ ಕಿವಿಗೆ ಬೀಳುತ್ತಿದ್ದುದು ಈ ಸದ್ದೊಂದೇ. ಸಿಸ್ಟರ್ ಬಿಯಾಟ್ರಿಸ್ ನನ್ನ ನೋಟ್‌ಬುಕ್ಕಿನಲ್ಲಿ ಬೇಡದ ಮಾತುಗಳನ್ನು ಹೊಡೆದು ಹಾಕುತ್ತಿದ್ದರು. ಸದ್ದು ಕಡಿಮೆ ಸಲ ಕೇಳಿದಷ್ಟೂ ಮಾರ್ಕ್ಸ್ ಹೆಚ್ಚು ಎಂದು ಲೆಕ್ಕ. ಕಣ್ಣು ಮುಚ್ಚಿ ಎಣಿಸುತ್ತಾ ಕೂತಿರುತ್ತಿದ್ದೆ.

ಪಾಠದ ಹೆಸರು ಪ್ರೇಸಿ ರೈಟಿಂಗ್. ಒಂದು ಉದ್ದನೆಯ ಪ್ಯಾಸೇಜ್ ಕೊಟ್ಟು, ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ ಅನ್ನುತ್ತಿದ್ದರು. ಉದಾಹರಣೆ ಬಿಡಬೇಕು, ಹೆಸರುಗಳನ್ನು ಬಿಡಬೇಕು, ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ಬಿಡಬೇಕು. ಉಳಿದದ್ದನ್ನು ‘ಇನ್ ಯುವರ್ ಓನ್ ವರ್ಡ್ಸ್’ ಬರೆಯಬೇಕು. ಗಣಿತದಲ್ಲಿ ನಾನು ದಡ್ಡಿ, ಹೊಲಿಗೆಯಲ್ಲಿ ಅದಕ್ಕಿಂತ ದಡ್ಡಿ. ಪ್ರೇಸಿಯಲ್ಲಿ ಮಾತ್ರ ಹತ್ತಕ್ಕೆ ಒಂಬತ್ತು. ದೇವರು ಒಬ್ಬೊಬ್ಬರಿಗೆ ಒಂದೊಂದು ಗಿಫ್ಟ್ ಕೊಟ್ಟಿರುತ್ತಾನೆ ಎಂದು ಸಿಸ್ಟರ್ ಹೇಳಿದಾಗ, ನನ್ನದು ಇದೇ ಇರಬೇಕು ಎಂದು ನಂಬಿಬಿಟ್ಟೆ. ಮನೆಯಲ್ಲಿ ಅವ್ವ ಪಕ್ಕದ ಕ್ವಾರ್ಟರ್ಸಿನ ಜಗಳದ ಸುದ್ದಿ ಹೇಳಲು ಶುರುಮಾಡಿದರೆ, ಅರ್ಧಕ್ಕೇ ತಡೆದು ಒಂದು ವಾಕ್ಯದಲ್ಲಿ ಮುಗಿಸಿ ಕೊಡುತ್ತಿದ್ದೆ. ಅವ್ವನಿಗೆ ಬೆನ್ನಿಗೊಂದು ಗುದ್ದಬೇಕು ಅನಿಸುತ್ತಿತ್ತಂತೆ. ಅನಿಸುವುದೇನು, ಎರಡು ಸಲ ಗುದ್ದಿಯೂ ಇದ್ದಾಳೆ.

ಇದೆಲ್ಲ ನೆನಪಾದದ್ದು ಹೋದ ವಾರ, ಸೇಡಂನ ನಮ್ಮ ಮನೆಯ ಮಹಡಿಯ ಮೇಲಿರುವ ಪಲ್ಲವಿಯಿಂದ. ಬಾಡಿಗೆಗಿರುವವರ ಮಗಳು, ಬಿ.ಎ. ಎರಡನೇ ವರ್ಷ. ನಾನು ಮೂವತ್ತು ವರ್ಷ ಇಂಗ್ಲಿಷ್ ಟೀಚರಾಗಿದ್ದೆ ಎಂಬುದು ಅವಳಿಗೆ ಪರೀಕ್ಷೆ ಹತ್ತಿರ ಬಂದಾಗ ಮಾತ್ರ ನೆನಪಾಗುತ್ತದೆ. ಅಸೈನ್‌ಮೆಂಟಿನ ಹಾಳೆ ಹಿಡಿದು, ಅರ್ಧ ಅಳು ಅರ್ಧ ಸಿಟ್ಟಿನಲ್ಲಿ ಇಳಿದು ಬಂದಳು.

“ಅಜ್ಜೀ, ಪೂರಾ ಕಥಿ ಬರ್ದೀನ್ರಿ. ಒಂದ್ ಪಾಯಿಂಟ್ ಬಿಟ್ಟಿಲ್ಲ. ಆದ್ರೂ ಸರ್ ಏನ್ ಬರ್ದಾರ ನೋಡ್ರಿ ಇಲ್ಲಿ. ‘ಇದು ಸಮರಿ, ಅನಾಲಿಸಿಸ್ ಅಲ್ಲ’ ಅಂತ. ಎರಡಕ್ಕೂ ಫರಕ್ ಏನ್ರಿ?”

ನಾನು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನೇ ಹೇಳಿದೆ. ಸಮರಿ ಅಂದರೆ ಏನು ಇದೆ ಅನ್ನುವುದು, ಅನಾಲಿಸಿಸ್ ಅಂದರೆ ಯಾಕೆ ಹಾಗಿದೆ, ಹೇಗೆ ಹಾಗಿದೆ ಅನ್ನುವುದು.

“ಇಷ್ಟು ಫೋನ್‌ದಾಗೂ ಅದರಿ,” ಅಂದಳು ಪಲ್ಲವಿ. “ಓದೀನಿ. ತಿಳೀಲಿಲ್ಲ.”

ನಿಜ ಹೇಳಬೇಕೆಂದರೆ ಆ ಮೂವತ್ತು ವರ್ಷ ನನ್ನ ಕ್ಲಾಸಿನ ಮಕ್ಕಳಿಗೂ ತಿಳಿದಿರಲಿಲ್ಲ. ಪಾಪ, ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಿದ್ದರು. ನನಗಾದರೂ ತಿಳಿದದ್ದು ಕ್ಲಾಸಿನಲ್ಲಲ್ಲ. ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯ ಹೊಸ್ತಿಲ ಹತ್ತಿರ, ಅಕ್ಷರ ಬಾರದ ಒಬ್ಬ ಹೆಂಗಸಿನಿಂದ. ಅವಳನ್ನು ನಾನು ಹೆಚ್ಚುಕಡಿಮೆ ಹಾಳುಮಾಡಿದ್ದೆ. ಅದನ್ನೇ ಹೇಳುತ್ತೇನೆ ಕೂಡ್ರು ಅಂದೆ. ನೀವೂ ಕೂಡ್ರಿ.

ಅಪ್ಪ ಶಹಾಬಾದ್ ಸ್ಟೇಷನ್ನಿನಲ್ಲಿ ಪಾರ್ಸಲ್ ಬಾಬು. ಅಪ್ಪನ ತಂಗಿ ನಾಗಮ್ಮತ್ತಿಯನ್ನು ಚಿಂಚೋಳಿ ಕಡೆಯ ಕೊಡ್ಲಿಗೆ ಕೊಟ್ಟಿದ್ದರು. ಒಂದು ವರ್ಷ ಪಂಚಮಿ ಹಬ್ಬಕ್ಕೆಂದು ತವರಿಗೆ ಬಂದಳು. ಹಬ್ಬ ಮುಗಿದ ಮೇಲೆ ಗಂಡನ ಮನೆಯಿಂದ ಯಾರಾದರೂ ಬಂದು ಕರೆದುಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಹೆಣ್ಣುಮಗಳು ತಾನಾಗಿ ಗಂಟು ಕಟ್ಟಿಕೊಂಡು ಹೋಗುವುದಿಲ್ಲ. ಗಂಡ ಬರಲಿ, ಮೈದುನ ಬರಲಿ, ಕಡೆಗೆ ಮನೆಯ ಆಳಾದರೂ ಬರಲಿ, ಯಾರಾದರೂ ಬಾಗಿಲಲ್ಲಿ ನಿಂತು ‘ಕರೀಲಿಕ್ಕಿ ಬಂದೀವಿ’ ಅನ್ನಬೇಕು. ಆ ವರ್ಷ ಯಾರೂ ಬರಲಿಲ್ಲ. ಮುಂದಿನ ಪಂಚಮಿಯೂ ಬಂತು, ಅದರ ಮುಂದಿನದೂ ಬಂತು. ಜಗಳವಿಲ್ಲ, ಪಂಚಾಯಿತಿ ಇಲ್ಲ. ಛತ್ರಿ ಮರೆತು ಹೋದ ಹಾಗೆ ಅವಳನ್ನು ನಮ್ಮ ಮನೆಯಲ್ಲಿ ಮರೆತಿದ್ದರು.

ನಾಗಮ್ಮತ್ತಿ ಬೆಳಿಗ್ಗೆ ಎದ್ದು ಮನೆಯ ಕಲ್ಲಿನ ನೆಲವನ್ನೆಲ್ಲ ಒರೆಸುತ್ತಿದ್ದಳು. ಶಹಾಬಾದಿನಲ್ಲಿ ಬಡವರ ಮನೆಯಲ್ಲೂ ಕಾಲಡಿಗೆ ನುಣ್ಣನೆಯ ಫರಸಿ ಕಲ್ಲು. ಒರೆಸಿದ ಮೇಲೆ ಮುಖ ಕಾಣಬೇಕು ಅವಳಿಗೆ. ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು, ಆದರೆ ಬಾಗಿಲ ಬಳಿ ಸೈಕಲ್ ನಿಂತ ಸದ್ದಾದರೆ ಹಾಡೂ ನಿಲ್ಲುತ್ತಿತ್ತು, ರೊಟ್ಟಿಯೂ ನಿಲ್ಲುತ್ತಿತ್ತು. ಎಷ್ಟು ರೊಟ್ಟಿ ಹಾಗೆ ಕರಕಲಾದವೋ.

ನಾಲ್ಕನೇ ವರ್ಷ, ದೀಪಾವಳಿ ಕಳೆದ ಮೇಲೆ, ಕೊಡ್ಲಿಯಿಂದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಬಂತು.

ಇಲ್ಲಿ ನಮ್ಮ ಮನೆಯ ಒಂದು ಗುಟ್ಟು ಹೇಳಬೇಕು. ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಉರ್ದು ನೀರು ಕುಡಿದ ಹಾಗೆ ಓದುತ್ತಿದ್ದರು, ರೈಲ್ವೆ ನೌಕರಿಗೆ ಬೇಕಾದಷ್ಟು ಇಂಗ್ಲಿಷೂ ಇತ್ತು. ಕನ್ನಡ ಮಾತ್ರ ನಾಲಿಗೆಯ ಮೇಲಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಹಿರಿಯರಿದ್ದಿರಬಹುದು, ಆಗ ನಮ್ಮ ಭಾಗದಲ್ಲಿ ಅದೇನು ಹೊಸದಲ್ಲ. ಅವ್ವನಿಗೂ ಅತ್ತಿಗೂ ಯಾವ ಅಕ್ಷರವೂ ಇಲ್ಲ. ಹೀಗಾಗಿ ಕನ್ನಡದ ಪತ್ರ ಬಂದರೆ ಓದಬೇಕಾದವಳು ನಾನು. ನನ್ನ ಕನ್ನಡವೋ ಸೆಕೆಂಡ್ ಲ್ಯಾಂಗ್ವೇಜ್, ವಾರಕ್ಕೆ ಮೂರು ಪೀರಿಯಡ್. ಅಚ್ಚಿನ ಅಕ್ಷರವಾದರೆ ಹೇಗೋ ಓದುತ್ತಿದ್ದೆ. ಇದು ಹಳ್ಳಿಯ ಮಾಸ್ತರರ ಕೈಬರಹ, ಇರುವೆಗೆ ಮಸಿ ಹಚ್ಚಿ ಓಡಿಸಿದ ಹಾಗೆ.

ಮಡಿಕೆ ಬಿಡಿಸಿ ನೋಡಿದೆ. ಮೂವತ್ತು ಸಾಲು ಇದ್ದವು. ಗಾಬರಿಯಾಯಿತು. ಅಪ್ಪ ಡ್ಯೂಟಿಗೆ ಹೊರಟು ನಿಂತಿದ್ದರು, ಟೋಪಿ ತಲೆಯ ಮೇಲಿತ್ತು.

“ಪೂರಾ ಬ್ಯಾಡ ಬೇಟಾ, ಗಾಡಿ ಟೈಮ್ ಆಗ್ಯದ. ಮತ್ಲಬ್ ಏನದ, ಅಷ್ಟ್ ಹೇಳು.”

ಮತ್ಲಬ್! ಅದು ನನ್ನ ಸಬ್ಜೆಕ್ಟ್. ಎರಡು ನಿಮಿಷ ಕಣ್ಣಾಡಿಸಿದೆ. ಓದಲು ಬಂದದ್ದನ್ನು ಹಿಡಿದೆ, ಬಾರದ್ದನ್ನು ಉದಾಹರಣೆ ಇರಬೇಕೆಂದು ಬಿಟ್ಟೆ. ಕ್ಲಾಸಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತು ಹೇಳಿದೆ.

“ಎಲ್ಲಾರೂ ಆರಾಮ ಅದಾರಂತ. ಬೆಳಿ ಛಲೋ ಬಂದದಂತ. ಆ ಮನಿ ಮುದುಕಿಗಿ ಜರಾ ಮೈಯಾಗ ಆರಾಮಿಲ್ಲಂತ. ಎಲ್ಲಾರೂ ನಾಗಮ್ಮತ್ತಿಗಿ ಭಾಳ ನೆನಸ್ಲಿಕತ್ತಾರಂತ. ಜಲ್ದಿ ಕಳಿಸಿಕೊಡ್ರಿ ಅಂದಾರ.”

ಮೂವತ್ತು ಸಾಲಿಗೆ ಐದು ವಾಕ್ಯ. ಸಿಸ್ಟರ್ ಇದ್ದಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು ಅನಿಸಿತು.

ಮನೆಯಲ್ಲಿ ಏನಾಯಿತು ಅಂತೀರಿ! ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅತ್ತಿ ಎದ್ದಳು. ಒಳಗೆ ಹೋಗಿ, ಮೂರು ವರ್ಷದಿಂದ ಮಂಚದ ಕೆಳಗಿದ್ದ ತಗಡಿನ ಟ್ರಂಕನ್ನು ಎಳೆದು, ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಮೂರು ದಿನ ನಮ್ಮ ಮನೆ ಮದುವೆಮನೆಯಾಯಿತು. ಅವ್ವ ಬುತ್ತಿಗೆಂದು ಶೇಂಗಾ ಹಿಂಡಿ ಕುಟ್ಟಿದಳು, ಖಾರಬ್ಯಾಳಿ ಕಟ್ಟಿದಳು, ಹೊಸ ಸೀರೆಗೆ ಅಂಚು ಹೊಲಿದಳು. ಅತ್ತಿ ಆ ಮೂರು ದಿನ ಹಾಡಿದ ಹಾಗೆ ಮತ್ತೆಂದೂ ಹಾಡಿದ್ದನ್ನು ನಾನು ಕೇಳಿಲ್ಲ. ಒಂದು ರೊಟ್ಟಿಯೂ ಸುಡಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಅವಳು ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತು ನನ್ನನ್ನು ಕರೆದಳು. “ಏ ಶಾರೀ, ಆ ಪತ್ರ ತಾ. ಇನ್ನೊಮ್ಮಿ ಓದು.”

“ಹೇಳೀನಲ್ಲ ಅತ್ತಿ.”

“ನೀ ಹೇಳಿದ್ದು ಕೇಳೀನಿ. ಅವ್ರು ಹೇಳಿದ್ದು ಕೇಳ್ಬೇಕಾಗ್ಯದ. ಒಂದಕ್ಷರ ಬಿಡಬ್ಯಾಡ. ನೆನಸಲಿಕತ್ತಾರ ಅನ್ನೋದು ಹ್ಯಾಂಗ ಬರ್ದಾರ, ಅದು ಓದು ಮೊದಲ.”

ಅವಳಿಗೆ ಬೇಕಾದದ್ದು ಸಿಹಿ ಮಾತು. ನಾನು ಆ ಸಾಲಿಗಾಗಿ ಹುಡುಕಿದೆ. ಮೇಲಿಂದ ಕೆಳಗೆ ಹುಡುಕಿದೆ, ಕೆಳಗಿನಿಂದ ಮೇಲೆ ಹುಡುಕಿದೆ. ಕಡೆಗೆ ಸಿಕ್ಕಿದ್ದು ಒಂದೇ ಸಾಲು. ‘ಆಕೆ ಇಲ್ಲದೆ ಮನೆಯಲ್ಲಿ ಎಲ್ಲರಿಗೂ ಬಹಳ ತೊಂದರೆ ಆಗಿದೆ.’ ಬೆರಳಿಟ್ಟು ತೋರಿಸಿದೆ. ಒಬ್ಬರು ಇಲ್ಲದೆ ತೊಂದರೆಯಾದರೆ ಅದು ನೆನೆಸುವುದೇ ಅಲ್ಲವೇ? ಇನ್ ಯುವರ್ ಓನ್ ವರ್ಡ್ಸ್ ಎಂದು ಹೇಳಿಕೊಟ್ಟಿದ್ದರಲ್ಲ!

ಅತ್ತಿ ನನ್ನ ಮುಖ ನೋಡಿದಳು. ಸಿಟ್ಟು ಬರಲಿಲ್ಲ ಅವಳಿಗೆ. “ಹೂಂ. ಮೊದಲಿನಿಂದ ಓದು,” ಅಂದಳು.

ಓದಿದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಎಡವಿದಲ್ಲಿ ಅತ್ತಿಯೇ ಮುಂದಿನ ಮಾತು ಹೇಳಿಬಿಡುತ್ತಿದ್ದಳು. ನನಗೆ ಅಕ್ಷರ ಗೊತ್ತಿತ್ತು, ಅವಳಿಗೆ ಆ ಮಂದಿ ಗೊತ್ತಿದ್ದರು. ಇಬ್ಬರೂ ಸೇರಿ ಒಬ್ಬ ಓದುಗಿತ್ತಿಯಾದೆವು. ಇತ್ತ ಎಲ್ಲರೂ ಕ್ಷೇಮ. ಈ ವರ್ಷ ತೊಗರಿ ಎದೆಮಟ್ಟ ಬಂದಿದೆ. ಗಂಗಿ ಎಮ್ಮೆ ಈದಿದೆ, ಹೆಣ್ಣು ಕರು, ಆದರೆ ಗಂಗಿ ಯಾರಿಗೂ ಹಾಲು ಕರೆಯಗೊಡದು. ತಾಯಿಯವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದಿವೆ, ಎತ್ತಿ ಕೂಡಿಸುವವರಿಲ್ಲ. ಬಾವಿ ದೂರ, ನೀರು ತರುವವರಿಲ್ಲ. ಆಕೆ ಇಲ್ಲದೆ ಎಲ್ಲರಿಗೂ ತೊಂದರೆ. ತೊಗರಿ ಬಡಿದು ರಾಶಿ ಆಗುವುದರೊಳಗೆ ಕಳಿಸಿಕೊಡುವುದು. ಗುಲಬರ್ಗಾದಿಂದ ಸುಲೇಪೇಟಕ್ಕೆ ಬೆಳಿಗ್ಗೆಯೂ ಮಧ್ಯಾಹ್ನವೂ ಬಸ್ಸಿದೆ, ಅಲ್ಲಿಂದ ಕೊಡ್ಲಿಗೆ ಗಾಡಿ ಸಿಗುತ್ತದೆ.

ಮುಗಿಯಿತು. ಅತ್ತಿ ತನ್ನ ಕಾಲುಂಗುರ ತಿರುವಿದಳು.

“ಕರೀಲಿಕ್ಕಿ ಯಾರ್ ಬರ್ತಾರಂತ?”

“ಅದು ಬರ್ದಿಲ್ಲ ಅತ್ತಿ.”

“ಬಸ್ಸಿನ ಟೈಮ ಬರ್ದಾರ.”

“ಹೂಂ.”

“ಎಮ್ಮಿ ಹೆಸರ ಅದ?”

“ಅದ. ಗಂಗಿ ಅಂತ.”

“ನನ್ನ ಹೆಸರ?”

ಮತ್ತೆ ಹುಡುಕಿದೆ. ‘ನಿಮ್ಮ ತಂಗಿ’ ಅಂತ ಒಂದು ಸಲ, ‘ಆಕೆ’ ಅಂತ ಒಂದು ಸಲ. ನಾಗಮ್ಮ ಅಂತ ಎಲ್ಲಿಯೂ ಇರಲಿಲ್ಲ. ನಾನು ತಲೆ ಅಲ್ಲಾಡಿಸಿದೆ.

“ಮೂರ್ ವರ್ಷ ಹ್ಯಾಂಗಿದ್ದಿ, ಬದುಕೀಯೋ ಸತ್ತೀಯೋ ಅಂತ ಕೇಳ್ಯಾರೇನು?”

ಇರಲಿಲ್ಲ. ಅತ್ತಿ ನಕ್ಕಳು. ಅಳುತ್ತಾಳೆ ಎಂದು ಕಾದಿದ್ದ ನನಗೆ ಆ ನಗು ಹೆಚ್ಚು ಹೆದರಿಕೆ ತಂದಿತು. “ಹಾಲು ಕರೀಬೇಕು, ಮುದುಕಿಗಿ ಎತ್ತಬೇಕು, ನೀರು ಹೊರಬೇಕು, ರಾಶಿ ಮಾಡ್ಬೇಕು. ನಾಕು ಕೆಲಸ ಬರ್ದಾರ, ಶಾರಿ. ನಾ ಎಲ್ಲೀನಿ ಅದ್ರಾಗ? ಎರಡು ಕೈ ಕರದಾರ. ನನಗ ಕರದಿಲ್ಲ.”

ನೋಡಿ, ನನ್ನ ಐದು ವಾಕ್ಯಗಳಲ್ಲಿ ನಾಲ್ಕು ಸುಳ್ಳಲ್ಲ. ಬೆಳೆ ಚೆನ್ನಾಗಿತ್ತು, ಮುದುಕಿಗೆ ಹುಷಾರಿರಲಿಲ್ಲ, ಕಳಿಸಿ ಅಂದಿದ್ದರು. ನಾನು ಬಿಟ್ಟದ್ದು ಎಮ್ಮೆಯ ಹೆಸರು, ಬಸ್ಸಿನ ಹೊತ್ತು, ಬಾವಿಯ ದೂರ. ಪ್ರೇಸಿಯ ರೂಲ್ಸ್ ಪ್ರಕಾರ ಬಿಡಬೇಕಾದವುಗಳೇ. ಅತ್ತಿ ಹಿಡಿದದ್ದು ಅವನ್ನೇ. ಯಾವುದು ಮೊದಲು ಬಂತು, ಯಾವುದು ಕಡೆಗೆ ಬಂತು, ಯಾವುದು ಬರಲೇ ಇಲ್ಲ ಅನ್ನುವುದನ್ನು ಅವಳು ಜೋಳದಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿಟ್ಟಳು. ಮುಂದೆ ನಾನು ಎಂ.ಎ. ಮಾಡುವಾಗ ದೊಡ್ಡ ದೊಡ್ಡ ಕ್ರಿಟಿಸಿಸಂ ಪುಸ್ತಕ ಓದಿದೆ. ಅವುಗಳಲ್ಲಿ ಅರ್ಧದಷ್ಟು ನನಗೆ ಅರ್ಥವಾದದ್ದು ಆ ಹೊಸ್ತಿಲ ಪುಣ್ಯದಿಂದ.

ಆದರೆ ಆ ಹೊತ್ತಿಗೆ ನನಗೆ ಪುಣ್ಯ ಗಿಣ್ಯ ಏನೂ ಹೊಳೆಯಲಿಲ್ಲ. ಟ್ರಂಕ್ ಕಟ್ಟಿ ಬಾಗಿಲ ಬಳಿ ಇಟ್ಟಿತ್ತು. ಬೆಳಿಗ್ಗೆಯ ಬಸ್ಸಿಗೆ ಅಪ್ಪ ರಜೆ ಹಾಕಿದ್ದರು. ಎಲ್ಲವೂ ನನ್ನ ಒಂದು ಸುಂದರವಾದ ವಾಕ್ಯದಿಂದ.

ಸಂಜೆ ಅಪ್ಪ ಬಂದಾಗ ಅತ್ತಿ ನೇರವಾಗಿ ಹೇಳಿದಳು. “ಅಣ್ಣಾ, ನಾ ನಾಳಿ ಹೋಗಂಗಿಲ್ಲ.”

ಅಪ್ಪ ಬೆಚ್ಚಿದರು. “ಹುಚ್ಚಿ ಏನು? ಬಾ ಅಂದ್ ಮ್ಯಾಲ ಕಳಿಸದಿದ್ರ ಮಂದಿ ಏನಂತಾರ?”

“ಬಾ ಅನ್ನೋರು ಬಾಗಿಲಿಗಿ ಬರ್ತಾರಣ್ಣಾ. ಬಸ್ಸಿನ ಟೈಮ ಬರ್ಯಂಗಿಲ್ಲ.”

“ವೈನಿ, ನೀನರೆ ಹೇಳು ಇವ್ರಿಗಿ,” ಎಂದು ಅತ್ತಿ ಅವ್ವನ ಕಡೆ ತಿರುಗಿದಳು. ಅವ್ವ ಹಿಂಡಿಯ ಡಬ್ಬಿ ಹಿಡಿದು ನಿಂತಿದ್ದಳು. “ಮೂರ್ ವರ್ಷ ಕಾದೀವಿ. ಒಬ್ಬರು ಬಂದು ಕರ್ಕೊಂಡ್ ಹೋಗೋತನಕ ಕಾಯೋದು ಹೆಚ್ಚಲ್ಲ ಬಿಡ್ರಿ,” ಅಂದಳು.

ಕಡೆಗೆ ಒಂದು ಒಪ್ಪಂದವಾಯಿತು. ನನ್ನ ಕೈಲೇ ಉತ್ತರ ಬರೆಸಿದರು. ‘ಪತ್ರ ತಲುಪಿತು. ರೂಢಿಯಂತೆ ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಬಂದರೆ ಕಳಿಸುತ್ತೇವೆ.’ ಬಂದರೆ ಹೋಗುತ್ತೇನೆ ಎಂದು ಅತ್ತಿ ಅಣ್ಣನಿಗೆ ಮಾತು ಕೊಟ್ಟಳು. ಟ್ರಂಕನ್ನು ಬಿಚ್ಚಲಿಲ್ಲ, ಬಾಗಿಲ ಬಳಿಯೇ ಇತ್ತು.

ಆ ಎರಡು ತಿಂಗಳು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಬಾಗಿಲ ಮುಂದೆ ಧೋತರದ ಯಾವ ಗಂಡಸು ಹಾದರೂ ಅವನು ದಾಟಿ ಹೋಗುವ ತನಕ ಕಿಟಕಿ ಬಿಡುತ್ತಿರಲಿಲ್ಲ. ಚಾಪೆಲ್ಲಿನಲ್ಲಿ ಮೊಣಕಾಲೂರಿ ‘ಕೊಡ್ಲಿಯಿಂದ ಯಾರೂ ಬರಬಾರದು’ ಎಂದು ಮೇರಿ ಮಾತೆಯನ್ನು ಬೇಡಿಕೊಂಡೆ. ಮನೆಗೆ ಬಂದು ಅದನ್ನೇ ನಮ್ಮ ಮನೆದೇವರಿಗೂ ಹೇಳಿದೆ, ಒಬ್ಬರು ಮರೆತರೆ ಇನ್ನೊಬ್ಬರಿರಲಿ ಎಂದು. ಒಂದು ದಿನ ತಡೆಯಲಾರದೆ ಸಿಸ್ಟರ್ ಬಿಯಾಟ್ರಿಸ್‌ಗೆ ಎಲ್ಲ ಹೇಳಿಬಿಟ್ಟೆ. ಅವರು ಕೆಂಪು ಪೆನ್ಸಿಲ್ ಕೆಳಗಿಟ್ಟರು. “ಚೈಲ್ಡ್, ಪ್ರೇಸಿ ಈಸ್ ಫಾರ್ ಬಿಜಿ ಪೀಪಲ್,” ಅಂದರು. “ಅದನ್ನು ನಂಬಿ ಯಾರೂ ಊರು ಬಿಟ್ಟು ಹೊರಡಬಾರದು.”

ಎಳ್ಳಮಾಸಿ ಹಬ್ಬ ಬಂತು. ಆಡಕಿಯ ಬಂಧುಗಳ ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ಉಂಡು ಬಂದೆವು. ಅತ್ತಿ ಬರಲಿಲ್ಲ, ಯಾರಾದರೂ ಬಂದರೆ ಮನೆಯಲ್ಲಿರಬೇಕಲ್ಲ ಅಂದಳು. ಸಂಕ್ರಾಂತಿ ಬಂತು. ಅದು ಕಳೆದು ಎಂಟು ದಿನಕ್ಕೆ, ಮನೆ ಕಟ್ಟಿಸಲು ಫರಸಿ ಕೊಳ್ಳಲೆಂದು ಕೊಡ್ಲಿಯವರೊಬ್ಬರು ಶಹಾಬಾದಿಗೆ ಬಂದವರು ಅಪ್ಪನನ್ನು ಕಂಡು ಮಾತಾಡಿ ಹೋದರು. ಅಪ್ಪ ಬಂದು ಚಪ್ಪಲಿ ಬಿಚ್ಚುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು.

“ರಾಶಿ ಮುಗೀತಂತ. ಒಬ್ಬಾಕಿ ಆಳು ಹಚ್ಚ್ಯಾರಂತ, ಹಾಲು ನೀರು ಮುದುಕಿ ಎಲ್ಲಾ ಆಕಿನೇ ನೋಡ್ಕೋತಾಳಂತ.”

ಉಸಿರು! ಎರಡು ತಿಂಗಳಿಂದ ಪಕ್ಕೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಹೊರಗೆ ಬಿತ್ತು. ನಾನು ಕುಣಿಯುವುದೊಂದು ಬಾಕಿ. ಅತ್ತಿಯ ಓದು ಅಕ್ಷರಕ್ಕೆ ಅಕ್ಷರ ಸರಿಯಿತ್ತು, ಅವಳು ಉಳಿದಳು, ನಾನೂ ಉಳಿದೆ. ತಿರುಗಿ ನೋಡಿದರೆ ಅವಳು ಟ್ರಂಕ್ ತೆರೆದು ಸೀರೆಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. “ಆಳು ಸಿಕ್ತಲ್ಲ, ಛಲೋ ಆಯ್ತು,” ಅಂದಳು. ಬೆನ್ನು ನಮ್ಮ ಕಡೆಗಿತ್ತು. ಸೆರಗಿನ ತುದಿ ಮುಖಕ್ಕೆ ಹೋಗಿ ಬಂತು. ಸರಿಯಾದ ಉತ್ತರ ಬರೆದವರಿಗೂ ಅಳು ಬರುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಎರಡು ವರ್ಷಕ್ಕೆ ಅವಳು ಚಿತ್ತಾಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿದಳು. ನಲವತ್ತು ಹುಡುಗಿಯರಿಗೆ ರೊಟ್ಟಿ ಬಡಿದಳು, ಬೈದಳು, ಜಡೆ ಹಾಕಿದಳು. ಓದು ಕಲಿಸುತ್ತೇನೆ ಅಂದರೆ ಒಪ್ಪಲಿಲ್ಲ. “ಓದೋರು ಭಾಳ ಮಂದಿ ಅದಾರ, ನಾ ಕೇಳ್ತೀನಿ,” ಅನ್ನುತ್ತಿದ್ದಳು.

ಇಷ್ಟು ಹೇಳಿ ಮುಗಿಸುವಾಗ ಪಲ್ಲವಿ ಹಾಳೆಯ ಹಿಂದೆ ಏನೋ ಗೀಚುತ್ತಿದ್ದಳು. ಅವಳ ಅಸೈನ್‌ಮೆಂಟಿನ ಕಥೆಯಲ್ಲಿ ಒಬ್ಬ ತಾಯಿ ಮಗನಿಗೆ ಊಟಕ್ಕೆ ಬಡಿಸುತ್ತಾಳಂತೆ, ತಾನು ಉಂಡಳು ಎಂದು ಎಲ್ಲೂ ಬರೆದಿಲ್ಲವಂತೆ. “ನಾ ಅದು ನೋಡೇ ಇದ್ದಿದ್ದಿಲ್ರಿ!” ಅಂದಳು. ಬರಿ ಹೋಗು ಅದನ್ನೇ, ಅಂದೆ. ಮೆಟ್ಟಿಲು ಹತ್ತುತ್ತಾ ಅರ್ಧಕ್ಕೆ ನಿಂತು ಕೇಳಿದಳು. “ಆ ಅಮ್ಮಾರು ಈಗ ಎಲ್ಲದಾರ್ರಿ?”

ಈಗಿಲ್ಲ. ನಾನು ಕಡೆಯ ಸಲ ನೋಡಿದಾಗ ಅವಳಿಗೆ ಎಪ್ಪತ್ತು ದಾಟಿತ್ತು. ಹಾಸ್ಟೆಲ್ ಬಿಟ್ಟ ಮೇಲೆ ಚಿತ್ತಾಪುರ ಸ್ಟೇಷನ್ ಹತ್ತಿರ ಒಂದು ಖೋಲಿ ಹಿಡಿದಿದ್ದಳು. ನನ್ನ ಮನೆಯಲ್ಲಿ ಇರಲಿ ಎಂದು ನಾನೇ ಹೋದೆ. ಬಾಗಿಲಲ್ಲಿ ನಿಂತು, “ಅತ್ತಿ, ಕರೀಲಿಕ್ಕಿ ಬಂದೀನಿ,” ಅಂದೆ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಇಣುಕಿ ನೋಡಿದಳು. ಆಮೇಲೆ ಹತ್ತು ನಿಮಿಷದಲ್ಲಿ ಗಂಟು ಕಟ್ಟಿಕೊಂಡು ಹೊರಟಳು.

ಎಂಟು ದಿನ ಇದ್ದಳು. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. “ಅತ್ತಿ, ಅವ್ರು ನೆನಸ್ತಾರ ಅಂತ ನಾ ಅವತ್ತು ನನ್ನ ಕಡಿಂದ ಹೇಳಿದ್ದೆ. ಸಿಟ್ಟದೇನು?”

“ಯಾಕ್ ಸಿಟ್ಟು?” ಅಂದಳು. “ಮೂರು ದಿನ ನನಗ ಖರೇ ಅನಿಸಿತ್ತು. ಆ ಮೂರು ದಿನ ಭಾಳ ಛಲೋ ಇದ್ದವು, ಶಾರಿ.”

ಒಂಬತ್ತನೇ ದಿನ ಬೆಳಿಗ್ಗೆ, “ಸಾಕು, ನನ್ನ ಮನೀಗಿ ನಾ ಹೋಗ್ತೀನಿ,” ಅಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಸೇಡಂ ಸ್ಟೇಷನ್ನಿನಲ್ಲಿ ಚಿತ್ತಾಪುರದ ಮೇಲೆ ವಾಡಿಯ ಕಡೆಗೆ ಹೋಗುವ ಪ್ಯಾಸೆಂಜರ್ ಹತ್ತಿಸಿದೆ. ಕಿಟಕಿ ಬಳಿ ಕೂತಿದ್ದ ಒಬ್ಬ ಗಂಡಸನ್ನು, “ಜರಾ ಸರೀರಿ ಅಣ್ಣಾರೇ, ನನಗ ಗಾಳಿ ಬೇಕು,” ಎಂದು ಎಬ್ಬಿಸಿ ಅಲ್ಲಿ ಕೂತಳು. ಎದುರಿಗೆ ಹಣ್ಣಿನ ಬುಟ್ಟಿಯ ಹೆಂಗಸೊಬ್ಬಳಿದ್ದಳು. ಗಾಡಿ ಹೊರಡುವ ಮೊದಲೇ ಅವರಿಬ್ಬರ ಮಾತು ಶುರುವಾಗಿತ್ತು. ನಾನು ಕೈ ಎತ್ತಿದೆ. ಅತ್ತಿ ಈ ಕಡೆ ನೋಡಲಿಲ್ಲ. ಬುಟ್ಟಿಯಿಂದ ಒಂದು ಸೀತಾಫಲ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದಳು.